ಕಾವ್ ಸಾಹೇಬರು ಮತ್ತು ಸಮುದ್ರಕ್ಕೆ ಬಿದ್ದ ವಿಮಾನ

ಈ ಸಲದ ವಾರ್ಷಿಕ ಸಂಚಿಕೆಗೆ ಯಾರಾದರೂ ದೊಡ್ಡವರ ಜೀವನದ ಬಗ್ಗೆ ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ಸರ್ ಎಂ.ವಿ., ಕುವೆಂಪು, ರಾಜಕುಮಾರ್ ಇವರ ಬಗ್ಗೆ ನಮ್ಮ ಕೂಟದಲ್ಲಿ ಪ್ರತಿವರ್ಷ ಯಾರಾದರೂ ಬರೆದೇ ಬರೆಯುತ್ತಾರೆ, ನನಗಿಂತ ಚೆನ್ನಾಗಿ ಬರೆಯುತ್ತಾರೆ. ಹಾಗಾಗಿ ನಾನು ರಾಮೇಶ್ವರ ನಾಥ ಕಾವ್ ಅವರನ್ನು ಆರಿಸಿಕೊಂಡೆ. ಆರ್.ಎನ್. ಕಾವ್ ಅಂದರೆ ನಿಮಗೆ ಗೊತ್ತಾಗಬಹುದು. 'ರಾ' ಅನ್ನುವ ನಮ್ಮ ದೇಶದ ಹೊರಗಿನ ಬೇಹುಗಾರಿಕೆ ಸಂಸ್ಥೆಯನ್ನು ಕಟ್ಟಿದವರು. ಸಿನಿಮಾದವರು ಇವರ ಹೆಸರು ಹಿಡಿದು ಏನೇನೋ ತೋರಿಸುತ್ತಾರೆ. ನಾನು ಹೇಳಹೊರಟಿದ್ದು ಆ ಸಿನಿಮಾ ಕಾವ್ ಅವರ ಕಥೆ ಅಲ್ಲ. 'ರಾ' ಹುಟ್ಟುವುದಕ್ಕೆ ಹದಿಮೂರು ವರ್ಷ ಮೊದಲು ಅವರು ಮಾಡಿದ ಒಂದು ಕೆಲಸ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದೆ. ಅದಕ್ಕೆ ಕಾರಣ ನಾನು ಮಾಡುವ ಕೆಲಸ.

ಹನ್ನೊಂದು ವರ್ಷದಿಂದ ನಾನು ಇಲ್ಲಿನ ವಿಮಾನ ನಿಲ್ದಾಣದಲ್ಲಿ ವಿಮಾನ ಶುಚಿ ಮಾಡುವ ವಿಭಾಗದಲ್ಲಿದ್ದೇನೆ. ಮೊದಲು ಕ್ಲೀನರ್, ಈಗ ಹನ್ನೆರಡು ಜನರ ಒಂದು ತಂಡದ ಮೇಲ್ವಿಚಾರಕ. ಪಾಳಿ ಶುರುವಾಗುವ ಮೊದಲು ನಮ್ಮ ಬ್ಯಾಡ್ಜ್ ನೋಡ್ತಾರೆ, ಬೂಟು ಬಿಚ್ಚಿಸ್ತಾರೆ, ಊಟದ ಡಬ್ಬಿಯ ಮುಚ್ಚಳ ತೆಗೆಸ್ತಾರೆ. ಹೊಸದಾಗಿ ಬಂದ ಹುಡುಗರಿಗೆ ಅವಮಾನ ಆಗುತ್ತದೆ. ನಾವೇನು ಕಳ್ಳರಾ ಅಂತ ಕೇಳ್ತಾರೆ. ಅವರಿಗೆ ನಾನು ಹೇಳುವ ಕಥೆಯೇ ಇದು.

ಕಾವ್ ಹುಟ್ಟಿದ್ದು 1918ರ ಮೇ 10ರಂದು, ಕಾಶಿಯಲ್ಲಿ. ಮನೆತನ ಕಾಶ್ಮೀರಿ ಪಂಡಿತರದು. ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದರು. ಬರೋಡಾದಲ್ಲಿ ಮೆಟ್ರಿಕ್, ಲಖನೌದಲ್ಲಿ ಬಿ.ಎ., ಅಲಹಾಬಾದಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಸ್ವಲ್ಪ ದಿನ ಒಂದು ಸಿಗರೇಟ್ ಕಂಪನಿಯಲ್ಲೂ ಕೆಲಸ ಮಾಡಿದ್ದರಂತೆ. 1940ರಲ್ಲಿ ಆಗಿನ ಇಂಪೀರಿಯಲ್ ಪೊಲೀಸ್ ಸೇವೆಗೆ ಆಯ್ಕೆಯಾಗಿ ಕಾನ್ಪುರಕ್ಕೆ ಸಹಾಯಕ ಪೊಲೀಸ್ ಸೂಪರಿಂಟೆಂಡೆಂಟ್ ಆಗಿ ಹೋದರು. ಸ್ವಾತಂತ್ರ್ಯ ಬಂದ ವರ್ಷ ಇಂಟೆಲಿಜೆನ್ಸ್ ಬ್ಯೂರೋಗೆ ಕರೆಸಿಕೊಂಡರು. ಅಲ್ಲಿ ಕೊಟ್ಟ ಕೆಲಸ ಗಣ್ಯರ ಭದ್ರತೆ. ಪ್ರಧಾನಿ ನೆಹರೂ ಅವರ ಭದ್ರತೆ ಮತ್ತು ಹೊರದೇಶಗಳಿಂದ ಬರುವ ಅತಿಥಿಗಳ ಭದ್ರತೆ, ಎರಡನ್ನೂ ನೋಡಿಕೊಳ್ಳಬೇಕಿತ್ತು.

ಆ ಕಾಲದ ಭದ್ರತೆ ಇವತ್ತಿನ ಹಾಗಲ್ಲ. ನೆಹರೂ ಜನರ ಗುಂಪಿನೊಳಗೆ ನುಗ್ಗಿಬಿಡುವವರು, ಕಾವಲಿನವರನ್ನು ಕಂಡರೆ ಸಿಟ್ಟಾಗುವವರು. ಅಂಥವರನ್ನು ಕಾಯಬೇಕೆಂದರೆ ಕಾಯುವವನು ಕಣ್ಣಿಗೆ ಬೀಳಬಾರದು. ಕಾವ್ ಅವರ ಸ್ವಭಾವಕ್ಕೆ ಅದು ಹೊಂದಿತು. ಎತ್ತರದ ಆಳು, ನೀಟಾಗಿ ಬಟ್ಟೆ ಹಾಕುವವರು, ಮಾತು ಕಡಿಮೆ. ಫೋಟೋ ತೆಗೆಸಿಕೊಳ್ಳುವುದೆಂದರೆ ಆಗದು. ಬ್ರಿಟನ್ ರಾಣಿ ಎಲಿಜಬೆತ್ ಭಾರತಕ್ಕೆ ಬಂದಿದ್ದಾಗ ಗುಂಪಿನಿಂದ ಹಾರಿಬಂದ ಒಂದು ಹೂಗುಚ್ಛವನ್ನು, ಬಾಂಬ್ ಇದ್ದೀತು ಅಂತ ಇವರು ನೆಗೆದು ಹಿಡಿದರು, ರಾಣಿ ಅದನ್ನು ಕ್ರಿಕೆಟ್ ಕ್ಯಾಚಿಗೆ ಹೋಲಿಸಿ ತಮಾಷೆ ಮಾಡಿದರು ಅಂತ ಒಂದು ಕಥೆ ಓಡಾಡುತ್ತದೆ. ಹೇಳುವವರು ಹೇಳುತ್ತಾರೆ, ನಾನು ಕೇಳಿದ್ದನ್ನು ಬರೆದಿದ್ದೇನೆ ಅಷ್ಟೆ.

ಈಗ 1955ಕ್ಕೆ ಬರೋಣ. ಆ ವರ್ಷ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ–ಆಫ್ರಿಕಾ ದೇಶಗಳ ದೊಡ್ಡ ಸಮ್ಮೇಳನ ಇತ್ತು. ಹೊಸದಾಗಿ ಸ್ವತಂತ್ರವಾದ ದೇಶಗಳೆಲ್ಲ ಸೇರುವ ಸಭೆ. ಚೀನಾದ ಪ್ರಧಾನಿ ಚೌ ಎನ್‌ಲಾಯ್ ಹೊರಟಿದ್ದರು. ಚೀನಾದ ಹತ್ತಿರ ಅಷ್ಟು ದೂರ ಹಾರುವ ಪ್ರಯಾಣಿಕ ವಿಮಾನ ಇರಲಿಲ್ಲ. ಅದಕ್ಕೆ ಏರ್ ಇಂಡಿಯಾದ ಒಂದು ವಿಮಾನ ಬಾಡಿಗೆಗೆ ಹಿಡಿದರು. ಲಾಕ್‌ಹೀಡ್ ಕಾನ್‌ಸ್ಟೆಲೇಷನ್, ನಾಲ್ಕು ಎಂಜಿನ್ನಿನ ವಿಮಾನ, ಹೆಸರು 'ಕಾಶ್ಮೀರ್ ಪ್ರಿನ್ಸೆಸ್'. ಬೊಂಬಾಯಿಯಿಂದ ಹಾಂಗ್‌ಕಾಂಗ್‌ಗೆ ಬಂದು ಅಲ್ಲಿ ಚೀನಾ ನಿಯೋಗದವರನ್ನು ಹತ್ತಿಸಿಕೊಂಡು ಜಕಾರ್ತಾಗೆ ಹೋಗಬೇಕಿತ್ತು.

ಏಪ್ರಿಲ್ 11ರಂದು ವಿಮಾನ ಹಾಂಗ್‌ಕಾಂಗ್‌ನ ಕೈ ಟಾಕ್ ನಿಲ್ದಾಣದಲ್ಲಿ ಇಳಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟರ್ನ್ ಅರೌಂಡ್. ಎಣ್ಣೆ ತುಂಬಬೇಕು, ಎಂಜಿನ್ ನೋಡಬೇಕು, ಒಳಗೆ ಗುಡಿಸಬೇಕು, ಕಸ ತೆಗೆಯಬೇಕು. ಆ ಹೊತ್ತಿನಲ್ಲಿ ವಿಮಾನದ ಸುತ್ತ ಎಷ್ಟು ಜನ ಓಡಾಡುತ್ತಾರೆ ಅಂತ ನಮ್ಮಲ್ಲಿ ಏರ್‌ಪೋರ್ಟಿನಲ್ಲಿ ಕೆಲಸ ಮಾಡುವವರಿಗೆ ಗೊತ್ತು. ಎಲ್ಲರಿಗೂ ಅವಸರ, ಯಾರೂ ಯಾರ ಮುಖ ನೋಡುವುದಿಲ್ಲ. ಬ್ಯಾಡ್ಜ್ ಇದ್ದರೆ ಆಯಿತು, ಮೈಮೇಲೆ ಕಂಪನಿ ಅಂಗಿ ಇದ್ದರೆ ಆಯಿತು.

ವಿಮಾನ ಹೊರಟು ಸುಮಾರು ಐದು ಗಂಟೆ ಆಗಿತ್ತು, 18,000 ಅಡಿ ಎತ್ತರದಲ್ಲಿತ್ತು. ಒಂದು ಸ್ಫೋಟದ ಸದ್ದು ಕೇಳಿತು. ಬಲಗಡೆ ರೆಕ್ಕೆಯಲ್ಲಿ ಬೆಂಕಿ, ಒಳಗೆ ಹೊಗೆ. ಕ್ಯಾಪ್ಟನ್ ಡಿ.ಕೆ. ಜಟಾರ್ ಅವರು ನಟುನಾ ದ್ವೀಪಗಳ ಹತ್ತಿರ ಸಮುದ್ರದ ಮೇಲೆ ಇಳಿಸಲು ನೋಡಿದರು. ರೇಡಿಯೋ ಸಾಯುವ ಮೊದಲು ಎಲ್ಲಿದ್ದೇವೆ ಅನ್ನುವ ಸಂದೇಶ ಹೋಯಿತು. ಪ್ರಯಾಣಿಕರಿಗೆ ಲೈಫ್ ಜಾಕೆಟ್ ಹಂಚಿದರು, ತುರ್ತು ಬಾಗಿಲು ತೆಗೆದರು. ಬಲರೆಕ್ಕೆ ಮೊದಲು ನೀರಿಗೆ ಬಡಿದು ವಿಮಾನ ಒಡೆದು ಹೋಯಿತು. ಒಳಗಿದ್ದವರು 19 ಮಂದಿ. 16 ಮಂದಿ ಸತ್ತರು. ಬದುಕಿದವರು ಮೂರೇ ಜನ, ಮೂವರೂ ಸಿಬ್ಬಂದಿ: ಸಹಪೈಲಟ್ ದೀಕ್ಷಿತ್, ನ್ಯಾವಿಗೇಟರ್ ಪಾಠಕ್, ಮೆಂಟೆನೆನ್ಸ್ ಎಂಜಿನಿಯರ್ ಅನಂತ ಕಾರ್ಣಿಕ್. ಗಂಟೆಗಟ್ಟಲೆ ಈಜಿ ಒಂದು ದ್ವೀಪಕ್ಕೆ ಸೇರಿದರು, ಮೀನುಗಾರರು ಅವರನ್ನು ನೋಡಿಕೊಂಡರು, ಆಮೇಲೆ ಬ್ರಿಟಿಷ್ ನೌಕೆ 'ಡ್ಯಾಂಪಿಯರ್' ಬಂದು ಕರೆದೊಯ್ಯಿತು. ಕ್ಯಾಪ್ಟನ್ ಜಟಾರ್ ಮತ್ತು ಗಗನಸಖಿ ಗ್ಲೋರಿಯಾ ಬೆರಿ ಇಬ್ಬರಿಗೂ ಮರಣೋತ್ತರವಾಗಿ ಅಶೋಕ ಚಕ್ರ ಕೊಟ್ಟರು. ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ಗ್ಲೋರಿಯಾ ಬೆರಿ. ಹೆಚ್ಚಿನವರು ಈ ಹೆಸರನ್ನೇ ಕೇಳಿಲ್ಲ, ಅದಕ್ಕೆ ಎರಡು ಸಲ ಬರೆದೆ.

ಚೌ ಎನ್‌ಲಾಯ್ ಆ ವಿಮಾನದಲ್ಲಿ ಇರಲಿಲ್ಲ. ಕರುಳಿನ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಅವರು ಹೊರಡುವುದು ತಡವಾಯಿತು ಅಂತ ಹೇಳಿಕೆ. ಕೆಲವು ದಿನ ಬಿಟ್ಟು ರಂಗೂನಿಗೆ ಹೋಗಿ, ನೆಹರೂ ಮತ್ತು ಬರ್ಮಾದ ಊ ನೂ ಅವರನ್ನು ಕಂಡು ಬಾಂಡುಂಗ್ ಸೇರಿದರು. ಚೀನಾದವರಿಗೆ ಸಂಚಿನ ಸುಳಿವು ಮೊದಲೇ ಸಿಕ್ಕಿತ್ತು. ಹಿಂದಿನ ದಿನವೇ ಪೀಕಿಂಗ್‌ನಲ್ಲಿದ್ದ ಬ್ರಿಟಿಷ್ ಕಚೇರಿಗೆ ಎಚ್ಚರಿಕೆ ಕೊಟ್ಟಿದ್ದರು. ಹಾಗಿದ್ದ ಮೇಲೆ ಉಳಿದವರನ್ನು ಯಾಕೆ ಹತ್ತಿಸಿದರು ಅನ್ನುವುದರ ಬಗ್ಗೆ ಇತಿಹಾಸಕಾರರು ಇನ್ನೂ ಜಗಳ ಆಡುತ್ತಾರೆ. ನನಗೂ ಆ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆಯೇ ಇದೆ. ಸತ್ತವರಲ್ಲಿ ನಮ್ಮ ಐದು ಜನ ಸಿಬ್ಬಂದಿ ಇದ್ದರಲ್ಲ ಮಾರಾಯ್ರೇ, ಅವರಿಗೆ ಯಾರು ಎಚ್ಚರಿಕೆ ಕೊಟ್ಟಿದ್ದರು?

ಈ ತನಿಖೆಗೆ ಭಾರತದ ಕಡೆಯಿಂದ ಹೋದವರು ಕಾವ್. ಆಗ ಅವರಿಗೆ 37 ವರ್ಷವೂ ತುಂಬಿರಲಿಲ್ಲ. ಕೆಲಸ ಎಷ್ಟು ಸಿಕ್ಕಿನದು ಅಂತ ಸ್ವಲ್ಪ ಯೋಚಿಸಿ. ವಿಮಾನ ಭಾರತದ್ದು. ಬಾಂಬ್ ಇಟ್ಟ ಜಾಗ ಬ್ರಿಟಿಷರ ವಸಾಹತು. ಬಿದ್ದದ್ದು ಇಂಡೋನೇಷ್ಯಾದ ಹತ್ತಿರ. ಸತ್ತವರಲ್ಲಿ ಹೆಚ್ಚಿನವರು ಚೀನಾ ಕಡೆಯವರು. ಸಂಶಯ ಹೋದದ್ದು ತೈವಾನ್ ಮೇಲೆ, ಅದರ ಬೆನ್ನಿಗೆ ಅಮೆರಿಕದ ಮೇಲೆ. ಚೀನಾಕ್ಕೆ ಬ್ರಿಟಿಷರ ಮೇಲೆ ನಂಬಿಕೆ ಇಲ್ಲ, ಬ್ರಿಟಿಷರಿಗೆ ಚೀನಾದ ಮೇಲೆ ಇಲ್ಲ. ಇಬ್ಬರ ನಡುವೆ ಓಡಾಡಬಲ್ಲವನು ಒಬ್ಬ ಭಾರತೀಯ ಅಧಿಕಾರಿ ಮಾತ್ರ. ನಮ್ಮ ಕ್ಯಾಂಪಿನಲ್ಲಿ ಎರಡು ರೂಮಿನವರಿಗೆ ಜಗಳ ಆದಾಗ ಮೂರನೇ ರೂಮಿನವನನ್ನು ಕರೆಯುತ್ತೇವಲ್ಲ, ಹಾಗೆ. ಮೂರನೆಯವನು ಒಂದು ಮಾತು ಹೆಚ್ಚುಕಮ್ಮಿ ಆಡಿದರೆ ಎರಡೂ ಕಡೆಯ ಪೆಟ್ಟು ಅವನಿಗೇ.

ಕಾವ್ ಇಂಡೋನೇಷ್ಯಾ, ಹಾಂಗ್‌ಕಾಂಗ್, ಪೀಕಿಂಗ್ ಎಲ್ಲ ಕಡೆ ಓಡಾಡಿದರು. ಸಮುದ್ರದಿಂದ ಎತ್ತಿದ ಅವಶೇಷ ನೋಡಿದ ಇಂಡೋನೇಷ್ಯಾದ ತನಿಖಾ ಸಮಿತಿ ಮೇ ಕೊನೆಯಲ್ಲಿ ತೀರ್ಮಾನ ಹೇಳಿತು: ಇದು ಅಪಘಾತ ಅಲ್ಲ, ಬಲಗಡೆಯ ಚಕ್ರ ಮಡಚಿಕೊಳ್ಳುವ ಗೂಡಿನಲ್ಲಿ ಇಟ್ಟಿದ್ದ ಟೈಮ್ ಬಾಂಬ್, ಡಿಟೋನೇಟರ್ ಅಮೆರಿಕದಲ್ಲಿ ತಯಾರಾದ ಎಂಕೆ–7. ಚಕ್ರದ ಗೂಡು ಅಂದರೆ ಪ್ರಯಾಣಿಕನ ಕೈಗೆ ಸಿಗುವ ಜಾಗ ಅಲ್ಲ. ಅಲ್ಲಿಗೆ ಕೈ ಹಾಕಬೇಕಾದರೆ ವಿಮಾನದ ಕೆಳಗೆ ನಿಂತವನೇ ಆಗಬೇಕು, ನೆಲದ ಕೆಲಸದವನು.

ಹಾಂಗ್‌ಕಾಂಗ್ ಪೊಲೀಸರು ಆ ದಿನ ವಿಮಾನದ ಕೆಲಸಕ್ಕೆ ಸಂಬಂಧಪಟ್ಟ 71 ಮಂದಿಯನ್ನು ವಿಚಾರಿಸಿದರು. ಸುಳಿವು ಕೊಟ್ಟವರಿಗೆ ಒಂದು ಲಕ್ಷ ಹಾಂಗ್‌ಕಾಂಗ್ ಡಾಲರ್ ಬಹುಮಾನ ಅಂತ ಸಾರಿದರು. ಕೊನೆಗೆ ಬೆರಳು ತೋರಿಸಿದ್ದು ಒಬ್ಬ ಕ್ಲೀನರ್ ಕಡೆಗೆ. ಹೆಸರು ಚೌ ತ್ಸೆ–ಮಿಂಗ್, ಹಾಂಗ್‌ಕಾಂಗ್ ಏರ್‌ಕ್ರಾಫ್ಟ್ ಎಂಜಿನಿಯರಿಂಗ್ ಕಂಪನಿಯ ನೌಕರ. ಇನ್ನೂ ಬೇರೆ ಬೇರೆ ಹೆಸರುಗಳೂ ಅವನಿಗಿದ್ದವು. ತೈವಾನಿನ ಗುಪ್ತಚರರು ಆರು ಲಕ್ಷ ಹಾಂಗ್‌ಕಾಂಗ್ ಡಾಲರ್ ಕೊಡುತ್ತೇವೆಂದು ಅವನನ್ನು ಒಪ್ಪಿಸಿದ್ದರು ಅಂತ ಚೀನಾದವರು ಹೇಳಿದರು. ಕೆಲಸ ಆದ ಮೇಲೆ ಅವನು ಕೈಬಿಚ್ಚಿ ದುಡ್ಡು ಖರ್ಚು ಮಾಡಿದ, ನಾನೇ ಮಾಡಿದ್ದು ಅಂತ ಜಂಬ ಕೊಚ್ಚಿಕೊಂಡ. ಪೊಲೀಸರು ಹತ್ತಿರ ಬರುವಾಗ, ಮೇ 18ರಂದು, ಸಿವಿಲ್ ಏರ್ ಟ್ರಾನ್ಸ್‌ಪೋರ್ಟ್ ಅನ್ನುವ ಕಂಪನಿಯ ವಿಮಾನದಲ್ಲಿ ಅಡಗಿ ಕೂತು ತೈವಾನಿಗೆ ಹಾರಿದ. ಆ ಕಂಪನಿಯ ಯಜಮಾನಿಕೆ ಅಮೆರಿಕದ ಸಿಐಎಯದು. ವಾರಂಟ್ ಹೊರಟಿತು, ತೈವಾನ್ ಅವನನ್ನು ಕೊಡಲಿಲ್ಲ. ಅವನ ವಿಚಾರಣೆ ಯಾವತ್ತೂ ನಡೆಯಲಿಲ್ಲ.

ನಾನು ಹೊಸ ಹುಡುಗರಿಗೆ ಹೇಳುವಾಗ ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. 71ರಲ್ಲಿ ಒಬ್ಬನನ್ನು ಕಳೆದರೆ 70. ಆ 70 ಜನ ಎಣ್ಣೆ ತುಂಬಿದವರು, ಗಾಜು ಒರೆಸಿದವರು, ಮೆಟ್ಟಿಲು ತಳ್ಳಿದವರು. ಪೊಲೀಸ್ ಠಾಣೆಯಲ್ಲಿ ಕೂತು, ಆ ದಿನ ಎಲ್ಲಿ ನಿಂತಿದ್ದೆ, ಯಾವಾಗ ಹೋದೆ, ಯಾರ ಜೊತೆ ಮಾತಾಡಿದೆ ಅಂತ ಉತ್ತರ ಹೇಳಬೇಕಾಯಿತು. ಅವರಲ್ಲಿ ಊರು ಬಿಟ್ಟು ಹೊಟ್ಟೆಪಾಡಿಗೆ ಹಾಂಗ್‌ಕಾಂಗ್‌ಗೆ ಬಂದವರು ಎಷ್ಟಿರಲಿಲ್ಲ! ಆ ಕಾಲದ ಹಾಂಗ್‌ಕಾಂಗ್ ಅಂದರೆ ಚೀನಾದಿಂದ ಓಡಿಬಂದವರೇ ತುಂಬಿದ್ದ ಊರು. ನಮ್ಮ ಡಬ್ಬಿಯ ಮುಚ್ಚಳ ತೆಗೆಸುವವನ ಮೇಲೆ ನನಗೆ ಸಿಟ್ಟು ಬಾರದೇ ಇರುವುದಕ್ಕೆ ಆ 70 ಜನರೇ ಕಾರಣ. ಸರಿಯಾಗಿ ತಪಾಸಣೆ ಆಗಿ, ಯಾರು ಎಷ್ಟು ಗಂಟೆಗೆ ಯಾವ ವಿಮಾನದ ಹತ್ತಿರ ಹೋದ ಅಂತ ಪುಸ್ತಕದಲ್ಲಿ ಬರೆದಿದ್ದರೆ, ನಾಳೆ ಏನಾದರೂ ಆದಾಗ ಆ ಪುಸ್ತಕ ನನ್ನ ಪರ ಸಾಕ್ಷಿ ಹೇಳುತ್ತದೆ. ಆದರೆ ತಪಾಸಣೆ ಮಾಡುವವರಿಗೂ ಒಂದು ಮಾತು: ಮರ್ಯಾದೆ ಕೊಟ್ಟು ಮಾಡಬಹುದು. ಕೈಗೆ ಬೇರೆ ಗ್ಲೌಸ್ ಹಾಕಿಕೊಂಡು ಡಬ್ಬಿ ಮುಟ್ಟಬಹುದು. ಅದಕ್ಕೆ ಖರ್ಚೇನೂ ಇಲ್ಲ.

ಕಾವ್ ಅವರಿಗೆ ಮರಳಿ ಬರುತ್ತೇನೆ. ಅಪರಾಧಿ ಕೈಗೆ ಸಿಗಲಿಲ್ಲ, ನಿಜ. ಆದರೆ ಯಾರೂ ಯಾರನ್ನೂ ನಂಬದ ಜಾಗದಲ್ಲಿ ಅವರು ನಂಬಿಕೆ ಗಳಿಸಿದರು. ತನಿಖೆ ಮುಗಿದ ಮೇಲೆ ಚೌ ಎನ್‌ಲಾಯ್ ಅವರನ್ನು ಕರೆಸಿಕೊಂಡು ತಮ್ಮ ಸ್ವಂತ ಮುದ್ರೆಯನ್ನು ನೆನಪಿಗಾಗಿ ಕೊಟ್ಟರು. ಚೀನಾದಲ್ಲಿ ಮುದ್ರೆ ಅಂದರೆ ನಮ್ಮಲ್ಲಿ ಸಹಿ ಇದ್ದ ಹಾಗೆ. ಏಳೇ ವರ್ಷದಲ್ಲಿ, 1962ರಲ್ಲಿ, ಅದೇ ಚೀನಾ ನಮ್ಮ ಗಡಿ ದಾಟಿ ಬಂತು. ಆ ಮುದ್ರೆಯನ್ನು ನೋಡಿದಾಗ ಕಾವ್ ಅವರ ಮನಸ್ಸಿಗೆ ಏನು ಅನಿಸಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1950ರ ದಶಕದ ಕೊನೆಗೆ ಅವರು ಆಫ್ರಿಕಾಕ್ಕೆ ಹೋದರು. ಘಾನಾ 1957ರಲ್ಲಿ ಸ್ವತಂತ್ರವಾಗಿತ್ತು. ಅದರ ನಾಯಕ ಕ್ವಾಮೆ ಎನ್‌ಕ್ರೂಮಾ ತಮ್ಮ ದೇಶಕ್ಕೊಂದು ಬೇಹುಗಾರಿಕೆ ಸಂಸ್ಥೆ ಕಟ್ಟಿಕೊಡಿ ಅಂತ ನೆಹರೂ ಅವರನ್ನು ಕೇಳಿದ್ದರು. ಕಾವ್ ಹೋಗಿ ಬುನಾದಿ ಹಾಕಿದರು, ಆಮೇಲೆ ಅವರ ಸಹೋದ್ಯೋಗಿ ಕೆ. ಶಂಕರನ್ ನಾಯರ್ ಹೋಗಿ ಮುಂದುವರಿಸಿದರು. ಪರದೇಶದಲ್ಲಿ ಕೆಲಸ ಮಾಡಿ ಬೇರೆಯವರ ಮನೆ ಕಟ್ಟಿಕೊಟ್ಟು ಬರುವುದು ನಮಗೆ ಹೊಸದಲ್ಲ.

1962ರ ಸೋಲಿನ ನಂತರ ವಿಮಾನದಿಂದ ಗಡಿ ನೋಡುವ ಏವಿಯೇಷನ್ ರಿಸರ್ಚ್ ಸೆಂಟರ್ ಶುರುವಾಯಿತು, ಅದಕ್ಕೂ ಮೊದಲ ಮುಖ್ಯಸ್ಥ ಇವರೇ. 1968ರ ಸೆಪ್ಟೆಂಬರ್ 21ರಂದು ಇಂದಿರಾ ಗಾಂಧಿ ಸರ್ಕಾರ ಹೊರದೇಶದ ಬೇಹುಗಾರಿಕೆಯನ್ನು ಇಂಟೆಲಿಜೆನ್ಸ್ ಬ್ಯೂರೋದಿಂದ ಬೇರೆ ಮಾಡಿ 'ರಾ' ಮಾಡಿತು, ಕಾವ್ ಅವರನ್ನು ಕೂರಿಸಿತು. ಮೂರೇ ವರ್ಷದಲ್ಲಿ 1971 ಬಂತು. ಮುಕ್ತಿ ಬಾಹಿನಿಗೆ ತರಬೇತಿ, ಪೂರ್ವ ಪಾಕಿಸ್ತಾನದೊಳಗಿನ ಸುದ್ದಿ ಎಲ್ಲದರ ಹಿಂದೆ ಈ ಸಂಸ್ಥೆ ಇತ್ತು. ಆಮೇಲೆ 1975ರಲ್ಲಿ ಸಿಕ್ಕಿಂ ಭಾರತಕ್ಕೆ ಸೇರಿತು. ಇದರ ಬಗ್ಗೆಲ್ಲ ಪುಸ್ತಕಗಳು ಬೇಕಾದಷ್ಟಿವೆ, ಓದಿಕೊಳ್ಳಿ.

ನನ್ನ ಮನಸ್ಸು ಹೋಗುವುದು ಎಚ್ಚರಿಕೆ ಕೊಟ್ಟೂ ಉಪಯೋಗ ಆಗದ ಎರಡು ಸಂಗತಿಗಳ ಕಡೆಗೆ. ಒಂದು ಢಾಕಾದ್ದು. 1974ರ ಡಿಸೆಂಬರ್‌ನಲ್ಲಿ ಕಾವ್ ಸ್ವತಃ ಢಾಕಾಗೆ ಹೋಗಿ ಶೇಖ್ ಮುಜಿಬುರ್ ರಹಮಾನ್ ಅವರನ್ನು ಕಂಡು, ನಿಮ್ಮ ಸೈನ್ಯದೊಳಗೇ ನಿಮ್ಮ ಜೀವಕ್ಕೆ ಸಂಚು ನಡೆದಿದೆ ಅಂತ ಹೇಳಿದರು. ಗೋಡೆಗೂ ಕಿವಿ ಇದ್ದೀತೆಂದು ಅವರನ್ನು ಮನೆಯ ತೋಟಕ್ಕೆ ಕರೆದುಕೊಂಡು ಹೋಗಿ ಹೇಳಿದ್ದು. ಇದನ್ನು ವರ್ಷಗಳ ನಂತರ ಕಾವ್ ಅವರೇ ಬರೆದು ತಿಳಿಸಿದ್ದಾರೆ. ಮುಜಿಬ್ ನಂಬಲಿಲ್ಲ, ಅವರೆಲ್ಲ ತನ್ನ ಮಕ್ಕಳಿದ್ದ ಹಾಗೆ ಅಂದುಕೊಂಡರು. 1975ರ ಆಗಸ್ಟ್ 15ರಂದು ಅವರನ್ನೂ ಮನೆಯಲ್ಲಿದ್ದ ಕುಟುಂಬದವರನ್ನೂ ಗುಂಡಿಟ್ಟು ಕೊಂದರು.

ಇನ್ನೊಂದು ದೆಹಲಿಯದು, ಇನ್ನೂ ಹತ್ತಿರದ್ದು. ತುರ್ತು ಪರಿಸ್ಥಿತಿ ಮುಗಿದು 1977ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಬಂದಾಗ ಕಾವ್ ಕೆಲಸ ಬಿಟ್ಟು ಹೋಗಬೇಕಾಯಿತು. ಹೊಸ ಸರ್ಕಾರಕ್ಕೆ 'ರಾ' ಅಂದರೆ ಇಂದಿರಾ ಗಾಂಧಿಯವರ ಕೈಗೊಂಬೆ ಅನ್ನುವ ಭಾವನೆ ಇತ್ತು. ಆ ಸಂಶಯ ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಒಬ್ಬರ ಹತ್ತಿರಕ್ಕೆ ಅಷ್ಟು ಹತ್ತಿರ ಇದ್ದ ಅಧಿಕಾರಿಗೆ ಬೇರೆಯವರ ನಂಬಿಕೆ ಸಿಗುವುದು ಕಷ್ಟ. ಇಂದಿರಾ ಮತ್ತೆ ಅಧಿಕಾರಕ್ಕೆ ಬಂದ ಮೇಲೆ 1981ರಲ್ಲಿ ಅವರನ್ನು ಭದ್ರತಾ ಸಲಹೆಗಾರರಾಗಿ ಕರೆದರು.

1984 ಅವರಿಗೆ ಕೆಟ್ಟ ವರ್ಷ, ದೇಶಕ್ಕೂ. ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮ ರಾಜತಾಂತ್ರಿಕ ರವೀಂದ್ರ ಮ್ಹಾತ್ರೆ ಅವರನ್ನು ಅಪಹರಿಸಿ ಕೊಂದರು. ಮಗಳ ಹುಟ್ಟುಹಬ್ಬಕ್ಕೆ ಕೇಕ್ ತೆಗೆದುಕೊಂಡು ಬಸ್ಸಿನಿಂದ ಇಳಿದು ಮನೆಗೆ ನಡೆದು ಹೋಗುತ್ತಿದ್ದರು. ಬಸ್ಸಿನಲ್ಲಿ! ಕಾರಿಲ್ಲ, ಕಾವಲಿಲ್ಲ. ನಾವು ಪಾಸ್‌ಪೋರ್ಟ್ ಕೆಲಸಕ್ಕೆ ರಾಯಭಾರ ಕಚೇರಿಗೆ ಹೋದಾಗ ಗೇಟಿನಲ್ಲಿ ಮೊಬೈಲ್ ಇಡಿಸಿಕೊಳ್ಳುತ್ತಾರೆ, ಸಾಲು ನಿಲ್ಲಿಸುತ್ತಾರೆ ಅಂತ ಗೊಣಗುವವರು ಮ್ಹಾತ್ರೆ ಅವರ ಹೆಸರನ್ನೂ ಒಮ್ಮೆ ನೆನೆಯಬೇಕು ಅನಿಸುತ್ತದೆ.

ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ಹೋಯಿತು. ಆಮೇಲೆ ಪ್ರಧಾನಿಯ ಹತ್ತಿರದ ಕಾವಲಿನಿಂದ ಸಿಖ್ ಪೊಲೀಸರನ್ನು ಸ್ವಲ್ಪ ದಿನ ಬದಲಾಯಿಸಿದ್ದರು. ಧರ್ಮ ನೋಡಿ ಆಳು ತೆಗೆಯುವುದು ಇಂದಿರಾ ಅವರಿಗೆ ಒಪ್ಪಿಗೆ ಆಗಲಿಲ್ಲ, ಅವರು ಮರಳಿ ಬಂದರು. ಅಕ್ಟೋಬರ್ 31ರ ಬೆಳಿಗ್ಗೆ ಇಬ್ಬರು ಕಾವಲುಗಾರರು ಅವರ ಮನೆಯ ಅಂಗಳದಲ್ಲೇ ಗುಂಡು ಹಾರಿಸಿದರು. ಆಮೇಲೆ ದೆಹಲಿಯ ಬೀದಿಗಳಲ್ಲಿ ಏನೂ ಪಾಪ ಮಾಡದ ಸಾವಿರಾರು ಸಿಖ್ಖರನ್ನು ಕೊಂದರು. ಇಬ್ಬರ ತಪ್ಪಿಗೆ ಒಂದು ಸಮುದಾಯವನ್ನೇ ಹಿಡಿದದ್ದು. ನನ್ನ ತಂಡದಲ್ಲಿ ಜಲಂಧರಿನ ಒಬ್ಬರು ಹಿರಿಯರಿದ್ದಾರೆ, ಎಲ್ಲರೂ ಅವರಿಗೆ ಪಾಜಿ ಅಂತೇವೆ. ಈ ಕಥೆಯನ್ನು ಅವರ ಮುಂದೆ ಹೇಳುವಾಗ ಮೊದಲೇ ಅವರ ಮುಖ ನೋಡಿ, ಹೇಳಬಹುದಾ ಪಾಜಿ ಅಂತ ಕೇಳಿ ಹೇಳುತ್ತೇನೆ. ಕೇಳಿ ಮುಗಿದ ಮೇಲೆ ಅವರು ಸುಮ್ಮನೆ ಎದ್ದು ಚಹಾ ತರಲು ಹೋಗುತ್ತಾರೆ.

ನೆಹರೂ ಅವರನ್ನು ಕಾದವರು, ಪ್ರಪಂಚದ ಗಣ್ಯರನ್ನು ಕಾದವರು, ತಾವು ಸಲಹೆಗಾರರಾಗಿದ್ದಾಗಲೇ ನೆಹರೂ ಅವರ ಮಗಳನ್ನು ಕಳೆದುಕೊಂಡರು. ನಂತರ ಕಾವ್ ಸಾರ್ವಜನಿಕ ಬದುಕಿನಿಂದ ಹಿಂದೆ ಸರಿದರು. ಪ್ರಧಾನಿಯ ಕಾವಲಿಗೇ ಅಂತ ಬೇರೆ ಪಡೆ, ಎಸ್‌ಪಿಜಿ, 1985ರಲ್ಲಿ ಬಂತು.

ನಿವೃತ್ತಿಯ ದಿನಗಳಲ್ಲಿ ಅವರ ಕೈಗೆ ಹಿಡಿದ ಕೆಲಸ ಶಿಲ್ಪ. ಕುದುರೆಗಳೆಂದರೆ ಪ್ರಾಣ, ಕುದುರೆಗಳನ್ನೇ ಹೆಚ್ಚು ಮಾಡುತ್ತಿದ್ದರು. ಆತ್ಮಕಥೆ ಬರೆದು ಪ್ರಕಟಿಸಲಿಲ್ಲ, ಸಂದರ್ಶನಗಳಿಂದ ದೂರ ಇದ್ದರು. ತಮ್ಮ ಕಾಗದಪತ್ರಗಳನ್ನು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯಕ್ಕೆ ಒಪ್ಪಿಸಿದರು, ಕೆಲವನ್ನು ಬಹಳ ವರ್ಷ ತೆರೆಯಬಾರದು ಅನ್ನುವ ಷರತ್ತಿನ ಮೇಲೆ. 2002ರ ಜನವರಿಯಲ್ಲಿ ದೆಹಲಿಯಲ್ಲಿ ತೀರಿಕೊಂಡರು, ಆಗ ಅವರಿಗೆ 83 ವರ್ಷ.

ನಮ್ಮ ವಿಶ್ರಾಂತಿ ಕೋಣೆಯಲ್ಲಿ ಒಬ್ಬ ಹುಡುಗ, ಕುಂದಾಪುರದ ಕಡೆಯವನು, ಈ ಕಥೆ ಕೇಳಿ ಮೊಬೈಲಿನಲ್ಲಿ ಕಾವ್ ಅವರ ಫೋಟೋ ಹುಡುಕಿದ. ಬೆರಳೆಣಿಕೆಯಷ್ಟು ಸಿಕ್ಕಿದವು, ತಿರುಗಿ ತಿರುಗಿ ಅವೇ. ಇಷ್ಟು ದೊಡ್ಡವರದು ಇಷ್ಟೇನಾ ಅಣ್ಣಾ ಅಂತ ಕೇಳಿದ. ಹೌದು ಮಾರಾಯ, ಇಷ್ಟೇ ಅಂದೆ. ಆಮೇಲೆ ಅವನು ಗ್ಲೋರಿಯಾ ಬೆರಿ ಅಂತ ಟೈಪ್ ಮಾಡಿದ.